ಅಕ್ಕೋರ ಗೇಟಿನಲ್ಲಿ ತಡೆದ ಮೊಸರು

ಮೊನ್ನೆ ಬಬಲೇಶ್ವರದ ಬೀಗರು ತಂದ ಮಣ್ಣಿನ ಗಡಿಗೆಯ ಬಾಯಿಬಟ್ಟೆ ಬಿಚ್ಚಿದೆ. ಕೆನೆಗಟ್ಟಿದ ಎಮ್ಮೆ ಮೊಸರಿನ ವಾಸನೆ ಮೂಗಿಗೆ ಬಡಿಯಿತು. ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಗಂಟೇನಾದರೂ ಎದ್ದಿದೆಯೇ ಎಂದು ತಡವಿ ನೋಡುವುದು ನನ್ನ ಚಾಳಿ. ಮೊಸರು ಕಂಡರೆ ಇನ್ನೂ ಹೆಚ್ಚು. ಅದಕ್ಕೆ ಕಾರಣ ಪಕ್ಕದ ಮನೆಯ ಅಕ್ಕೋರು...

ಅವರು ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಿವೃತ್ತಿಯ ಮೇಲೆ ತೊರವಿ ರಸ್ತೆಯ ನಮ್ಮ ಓಣಿಗೇ ಬಂದಿದ್ದರು. ಅವರಿಗೆ ಥೈರಾಯಿಡ್ ಕ್ಯಾನ್ಸರ್ ಎಂದಾಗ ಅವರಿಗಿಂತ ಹೆಚ್ಚು ನಡುಗಿದವನು ನಾನು. ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದರೂ ಕೆಲವು ಕೋಶಗಳು ಕುತ್ತಿಗೆಯಲ್ಲಿ ಅಡಗಿ ಉಳಿದಿದ್ದವು. ಅವನ್ನು ಕೊಲ್ಲಲು ವಿಕಿರಣದ ಅಯೋಡಿನ್ ಕುಡಿಸಬೇಕಿತ್ತು. ಅದಕ್ಕೂ ಮುಂಚೆ ಥೈರಾಯಿಡ್ ಗುಳಿಗೆ ಬಂದ್. ಪ್ಯಾಕೆಟ್ ಉಪ್ಪು, ಹಾಲು, ಮೊಸರು ಎಲ್ಲ ಬಂದ್.

ನಮ್ಮ ಕಡೆ ಬೇನೆ ಬಿದ್ದವರನ್ನು ಮಾತಾಡಿಸಲು ಬರಿಗೈಯಲ್ಲಿ ಯಾರು ಬರುತ್ತಾರೆ? ಬಂದವರ ಕೈಯಲ್ಲೆಲ್ಲ ಮೊಸರು. ತಡೆಯುವ ಕೆಲಸ ನನ್ನ ಪಾಲಿಗೆ ಬಂತು. ಗೇಟಿನಲ್ಲಿ ಕುರ್ಚಿ ಹಾಕಿ ಕೂತೆ. ತಡೆದ ಮೊಸರು ಹಾಳಾಗಬಾರದೆಂದು ನಾನೇ ಉಂಡೆ. ಗಂಟಲು ಕಟ್ಟಿತು. ನನಗೂ ಅದೇ ರೋಗ ಎಂದು ಅಳುಮೋರೆ ಹೊತ್ತು ಅಕ್ಕೋರ ಮುಂದೆ ಹೋದೆ.

"ಲೇ, ನಿನ್ನ ಗಂಟಲಾಗ ಇರೂದು ಕ್ಯಾನ್ಸರ್ ಅಲ್ಲೋ, ನಮ್ಮ ಮಂದಿ ಮೊಸರು!"

ಗುಳಿಗೆ ಬಿಟ್ಟು ಅವರ ಮುಖ ಬಾತಿತ್ತು, ಬಿಸಿಲಲ್ಲೂ ಶಾಲು ಹೊದೆಯುತ್ತಿದ್ದರು. ಚೇಷ್ಟೆ ಮಾತ್ರ ಬಿಟ್ಟಿರಲಿಲ್ಲ.

ಒಂದು ದಿನ ಟಿಕೋಟಾದಿಂದ ಅವರ ಹಿರಿಯಕ್ಕ ಗಡಿಗೆ ಹಿಡಿದು ಬಂದರು.

"ನನ್ನ ತಂಗೀಗೆ ಮೊಸರು ಬ್ಯಾಡ ಅನ್ನಾಂವ ಯಾವನೋ ನೀ? ಗುಳಿಗಿನೂ ಬಿಡಿಸೀರಿ, ಉಪ್ಪೂ ಬಿಡಿಸೀರಿ. ಅಕೀನ ಕೊಲ್ಲಾಕತ್ತೀರೇನು?"

ನನ್ನ ಭಯವೂ ಅದೇ ಆಗಿತ್ತು.

ಅಕ್ಕೋರು ಗೋಡೆ ಹಿಡಿದು ಬಾಗಿಲಿಗೆ ಬಂದು ಕರೆಗಂಟೆ ಒತ್ತಿದರು.

"ಕೇಳ ಬೇ ಯಕ್ಕಾ. ಅಡಗಿ ಕುಂತ ಆ ಕೋಶಗಳ ಮೈಮ್ಯಾಲ ಇಂಥಾ ಗಂಟಿ ಅದಾವ, ಗ್ರಾಹಕ ಅಂತಾರ. ತಲಿಯಿಂದ ಒಂದು ಹಾರ್ಮೋನ್ ಇಳದು ಬಂದು ಒತ್ತಿದ್ರ ಅವು ಏಳ್ತಾವ, ಅಯೋಡಿನ್ ಉಣ್ತಾವ. ಗುಳಿಗಿ ನುಂಗಿದ್ರ ಆ ಹಾರ್ಮೋನ್ ಬರೂದಿಲ್ಲ. ಅದಕ್ಕ ಬಿಟ್ಟೇನಿ. ಗಂಟಿ ಬಾರಿಸಲಿ, ಹಸದು ಏಳ್ಲಿ. ಉಪ್ಪಿನಾಗ, ಮೊಸರಿನಾಗ ಅಯೋಡಿನ್ ಐತಿ. ಅದನ್ನುಂಡು ಹೊಟ್ಟಿ ತುಂಬಿಸಿಕೊಂಡ್ರ, ಡಾಕ್ಟರ್ ಕೊಡೂ ವಿಷಾ ಯಾರು ಉಣ್ಬೇಕು?"

ಹಿರಿಯಕ್ಕ ಗಡಿಗೆಯನ್ನು ಕೆಳಗಿಟ್ಟರು. ಆಮೇಲೆ, "ಹಂಗಾರ ಹಸೀಲಿ ಭಾಡ್ಯಾಗೋಳು!" ಎಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕೂತರು. ಆಮೇಲೆ ಆ ಗೇಟು ದಾಟಿ ಒಂದು ಚಮಚೆ ಮೊಸರೂ ಒಳಗೆ ಹೋಗಲಿಲ್ಲ. ನನಗೂ ಸಿಗಲಿಲ್ಲ.

ಅಯೋಡಿನ್ ಕುಡಿದ ಮೇಲಿನ ಸ್ಕ್ಯಾನಿನಲ್ಲಿ ಅಡಗಿದವೆಲ್ಲ ಚುಕ್ಕೆಗಳಾಗಿ ಹೊಳೆದಿದ್ದವು. ಎದ್ದಿದ್ದವು, ಉಂಡಿದ್ದವು! ತಿಂಗಳುಗಳ ನಂತರದ ಸ್ಕ್ಯಾನಿನಲ್ಲಿ ಒಂದೂ ಉಳಿದಿರಲಿಲ್ಲ. ಅಂದು ಅಕ್ಕೋರು ಓಣಿಯ ಮನೆಮನೆಯ ಕರೆಗಂಟೆ ಒತ್ತುತ್ತ ನಡೆದರು. "ಏಳ್ರಿ, ಮೊಸರು ಉಣ್ಣಾಕ ಬರ್ರಿ!" ಹಿಂದೆ ಗಡಿಗೆ ಹೊತ್ತ ಹಿರಿಯಕ್ಕ; ಅವರ ಹಿಂದೆ, ಗಂಟೆ ಕೆಟ್ಟುಹೋದರೆ ಮಂದಿ ಬೈದಾರು ಎಂದು ಚಿಂತಿಸುತ್ತಿದ್ದ ನಾನು.

ಆ ರೋಗ ಮತ್ತೆ ಅವರ ಹತ್ತಿರ ಸುಳಿಯಲಿಲ್ಲ. ಹೋದ ವರ್ಷ ಅವರು ಹೋದದ್ದು ಮುಪ್ಪಿನಿಂದ, ಮಧ್ಯಾಹ್ನದ ನಿದ್ದೆಯಲ್ಲಿ...

ಮೊನ್ನೆ ಗಡಿಗೆ ಹಿಡಿದು ಅವರ ಗೇಟಿಗೆ ಹೋದೆ. ತಡೆಯುವವರು ಇರಲಿಲ್ಲ. ಗಂಟೆ ಒತ್ತಿದೆ. ಒಳಗೆ ಗಟ್ಟಿಯಾಗಿಯೇ ಬಾರಿಸಿತು, ಬಾಗಿಲು ತೆರೆಯಲಿಲ್ಲ. ಸ್ವಲ್ಪ ಹೊತ್ತು ನಿಂತೆ. ಆಮೇಲೆ ಓಣಿಯ ಉಳಿದ ಗಂಟೆಗಳನ್ನು ಒಂದೊಂದಾಗಿ ಒತ್ತುತ್ತ ಹೊರಟೆ. ಇದ್ದ ಮೊಸರು ಎಲ್ಲರಿಗೂ ಸಾಲುತ್ತದೋ ಇಲ್ಲವೋ ಎಂಬ ಚಿಂತೆ ಇದ್ದೇ ಇತ್ತು.