ಶಾಲೆಯ ಎದುರಿನ ಪುಂಡಿಪಲ್ಲೆ

ಗಾಂಜಾ ಸೇದುವವರ ಮೇಲಿನ ಕಾನೂನು ಲಂಡನ್ನಿನಲ್ಲಿ ಆಗಷ್ಟೇ ತುಸು ಸಡಿಲಾಗಿತ್ತು. ಎಲ್ಲಿ ಯಾರು ಗಾಂಜಾ ಅಂಗಡಿ ತೆರೆಯುತ್ತಾರೋ ಎಂಬ ದಿಗಿಲು ಕೌನ್ಸಿಲ್‌ನವರಿಗೆ. ಅಂಥದ್ದರಲ್ಲಿ ಸೌತ್‌ಹಾಲ್‌ನ ನನ್ನ ತರಕಾರಿ ಅಂಗಡಿಗೆ, ಯಾವ ಬೀದಿಯಲ್ಲಿ ಯಾವ ಅಂಗಡಿ ಇರಬೇಕೆಂದು ನೋಡುವ ಕೌನ್ಸಿಲ್‌ನ ಪ್ಲಾನಿಂಗ್ ಅಧಿಕಾರಿಯೊಬ್ಬ ಬಂದ. ಹೊರಗಿಟ್ಟಿದ್ದ, ನಮ್ಮೂರ ಕಡೆಯ ಪುಂಡಿಪಲ್ಲೆ ಸೊಪ್ಪಿನ ಬುಟ್ಟಿ ತೋರಿಸಿ, "ಎದುರಿಗೇ ಶಾಲೆಯಿದೆ. ಈ ಬೀದಿಯಲ್ಲಿ ಗಾಂಜಾ ಮಾರಲು ಅನುಮತಿಯಿಲ್ಲ. ಅಂಗಡಿ ಮುಚ್ಚಿಸಬೇಕಾಗುತ್ತದೆ" ಎಂದ.

ಎಲೆ ನೋಡಲು ಗಾಂಜಾದ ಹಾಗೇ ಇರುತ್ತದೆ, ಸುಳ್ಳಲ್ಲ. ಆದರೆ ಧಾರವಾಡದವನ ಮುಂದೆ ನಿಂತು ಪುಂಡಿಪಲ್ಲೆಗೆ ಗಾಂಜಾ ಅನ್ನುವುದೇ? ಒಂದು ಹಿಡಿ ಕಿತ್ತು ಅವನೆದುರೇ ಅಗಿದು ನುಂಗಿದೆ. ಅವನ ಕೈಗೂ ಒಂದೆಲೆ ಕೊಟ್ಟೆ. ಬಾಯಿಗಿಟ್ಟವನು ಹುಳಿಗೆ ಮುಖ ಕಿವುಚಿದ.

"ಸರಿ, ಸೊಪ್ಪೇ. ಆದರೂ ಒಳಗಿಡಿ, ನೋಡಿದವರು ತಪ್ಪು ತಿಳಿಯುತ್ತಾರೆ."

ಅವನು ಹೋದಮೇಲೆ ಹೆಂಡತಿಯೂ, "ಒಳಗ ಇಟ್ಟುಬಿಡ್ರಿ, ಯಾಕ ಬೇಕು ಉಸಾಬರಿ" ಅಂದಳು.

"ಇದೇನು ಕದ್ದ ಮಾಲೇನ, ಮುಚ್ಚಿಡಾಕ?" ಎಂದು ಮಾವಿನಹಣ್ಣಿನ ಡಬ್ಬಿಗಳನ್ನು ಹಿಂದೆ ಸರಿಸಿ, ಎಲ್ಲಕ್ಕಿಂತ ಮುಂದೆ ಪುಂಡಿಪಲ್ಲೆ ಇಟ್ಟೆ.

ಆ ವಾರ, ಜನ್ಮದಲ್ಲಿ ತರಕಾರಿ ಕೊಳ್ಳದ ಪಡ್ಡೆಗಳೆಲ್ಲ ಬಂದು ಕಟ್ಟುಗಟ್ಟಲೆ ಒಯ್ದರು. ಇದು ಸೊಪ್ಪು, ಬೆಳ್ಳುಳ್ಳಿ ಒಗ್ಗರಣೆ ಮರೆಯಬೇಡಿ ಎಂದು ಒಬ್ಬೊಬ್ಬನಿಗೂ ಹೇಳಿದೆ. ಒಬ್ಬನೂ ಕಿವಿಗೆ ಹಾಕಿಕೊಳ್ಳಲಿಲ್ಲ.