ಎಡಗಡೆ ಸೌಂಡ್ ಇಲ್ಲ

ನಲವತ್ತೇಳು ವರ್ಷದ ಗಂಡಸೊಬ್ಬರು ವಿಡಿಯೋ ಗೇಮ್ ಆಡುತ್ತಾರೆ ಎಂದರೆ ನೀವು ನಗುತ್ತೀರಿ. ಆ ಗಂಡಸು ನಿಮ್ಮ ಮನೆಯವರೇ ಆಗಿದ್ದರೆ ನಗು ಬರುವುದಿಲ್ಲ, ತಲೆನೋವು ಬರುತ್ತದೆ. ನನಗೆ ಬಂದಿತ್ತು.

ನಮ್ಮನೆಯವರು ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ತಗಡು ಒತ್ತಿ ಗಾಡಿಗಳ ಬಿಡಿಭಾಗ ಮಾಡುವ ಕೆಲಸ. ಮೂರು ತಿಂಗಳ ಹಿಂದೆ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಗೇಮ್ ಕನ್ಸೋಲ್ ತಂದರು. ಕೈಯಲ್ಲಿ ಹಿಡಿದು ಆಡುವಂಥದ್ದು (ಎರಡೂ ಕೈ ಬೇಕು, ಹಾಗಾಗಿ ತರಕಾರಿ ಹೆಚ್ಚಲು ಕೈ ಖಾಲಿ ಇರುವುದಿಲ್ಲ). ಶಿಫ್ಟ್ ಮುಗಿಸಿ ಬಂದು ಕಾಫಿ ಕುಡಿದರೆ ಕಾರ್ ರೇಸು ಶುರು. ನಾನು ಗುಬ್ಬಿಯ ಶಾಲೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಉಪ್ಪಾರಹಳ್ಳಿಯ ಮನೆಗೆ ಬಂದು ಉತ್ತರ ಪತ್ರಿಕೆ ಹರಡಿಕೊಂಡು ಕೂತರೆ, ಪಕ್ಕದಲ್ಲಿ ಹತ್ತಾರು ಕಾರು ಒಟ್ಟಿಗೆ ಕಿರುಚುತ್ತವೆ. ವಾಲ್ಯೂಮ್ ಯಾವಾಗಲೂ ಫುಲ್.

"ರೀ, ಒಂದು ಹೆಡ್‌ಫೋನ್ ಹಾಕ್ಕೊಂಡು ಆಡಿ. ನನ್ ತಲೆ ಸಿಡೀತಿದೆ" ಎಂದೆ. ಮರುದಿನವೇ ತಂದರು. ಅಲ್ಲಿಗೆ ಮನೆ ತಣ್ಣಗಾಯಿತು ಎಂದುಕೊಂಡಿರಾ?

"ಎಡಗಡೆ ಸೌಂಡೇ ಬರ್ತಿಲ್ಲ ಕಣೇ. ಆ ಕಡೆಯಿಂದ ಬರೋ ಕಾರೆಲ್ಲ ಗೊತ್ತೇ ಆಗ್ದಂಗೆ ಬಂದು ಗುದ್ತವೆ."

ಕುಣಿಗಲ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ತಮ್ಮ ಮಂಜುಗೆ ಫೋನ್ ಹೋಯಿತು. ಅವನು ಹೇಳಿದ್ದನ್ನೆಲ್ಲ ಮಾಡಿದ್ದು ಮಾತ್ರ ನಾನು. ಹೆಡ್‌ಫೋನ್ ಚುಚ್ಚುವ ತೂತಿಗೆ ಹತ್ತಿ ಸುತ್ತಿದ ಕಡ್ಡಿ ಹಾಕಿ ಧೂಳು ತೆಗೆದೆ. ಪಿನ್ ಕಿತ್ತು, ಒರೆಸಿ, ಮತ್ತೆ ಒತ್ತಿದೆ. ಆಫ್ ಮಾಡಿ ಆನ್ ಮಾಡಿದೆ. ಸೆಟ್ಟಿಂಗ್ಸ್ ಒಳಗೆ ಹೊಕ್ಕು ಆಡಿಯೋ ಎಲ್ಲಿದೆ ಎಂದು ಹುಡುಕಿದೆ. ಅದು ಅಪ್‌ಡೇಟ್ ಕೇಳಿತು, ಕೊಟ್ಟೆ. ಅಪ್‌ಡೇಟ್ ಮುಗಿಯುವಷ್ಟರಲ್ಲಿ ಹದಿನೆಂಟು ಪತ್ರಿಕೆ ತಿದ್ದಿದ್ದೆ.

"ಈಗ?"

"ಇಲ್ಲ."

ಅಂಗಡಿಗೆ ಹೋಗಿ ಹೆಡ್‌ಫೋನನ್ನೇ ಬದಲಾಯಿಸಿಕೊಂಡು ಬಂದರು. ಆಗಲೂ ಇಲ್ಲ. "ನೀನೇ ಒಂದ್ಸಲ ಹಾಕ್ಕೊಂಡು ನೋಡು" ಎಂದರು. ಆ ಸುಡುಗಾಡನ್ನು ನನ್ನ ಕಿವಿಗೆ ತಾಕಿಸುವುದಿಲ್ಲ ಎಂದು ಹಟ ಹಿಡಿದೆ. ನನಗೆ ಅಷ್ಟು ಸಾಕಾಗಿತ್ತು. ಒಂದು ನಿಮಿಷ ಹಾಕಿಕೊಂಡು ನೋಡಿದ್ದರೆ ಕುಣಿಗಲ್‌ವರೆಗೆ ಹೋಗುವುದು ತಪ್ಪುತ್ತಿತ್ತು.

ಭಾನುವಾರ ಹೋದೆವು. ಮಂಜು ಹೆಡ್‌ಫೋನ್ ಹಾಕಿಕೊಂಡು ತಲೆದೂಗಿದ. "ಎರಡೂ ಕಡೆ ಬರ್ತೈತಲ್ಲ ಭಾವ." ನನಗೂ ಹಾಕಿದ. ನನಗೂ ಎರಡೂ ಕಡೆ ಚೆನ್ನಾಗಿಯೇ ಕೇಳಿಸಿತು. ಆಮೇಲೆ ಹೆಡ್‌ಫೋನನ್ನು ಹಿಂದುಮುಂದು ಮಾಡಿ, ಬಲದ್ದು ಎಡಗಿವಿಗೆ ಬರುವ ಹಾಗೆ ಇವರಿಗೆ ಹಾಕಿದ.

"ಈಗ ಯಾವ ಕಡೆ ಬರ್ತಿಲ್ಲ?"

"ಎಡಗಡೆ."

ಸರಿಯಾಗಿ ಹಾಕಿದ. "ಈಗ?"

"ಎಡಗಡೆನೇ ಕಣೋ."

ಮಂಜು ಹೆಡ್‌ಫೋನ್ ತೆಗೆದು ವೈರನ್ನು ನಿಧಾನವಾಗಿ ಸುತ್ತಿ ಇಟ್ಟ. ಮೂರು ಟೀ ಹೇಳಿದ. ಇವರು ಟೀಗೆ ಕಾಯುತ್ತಾ ಬಾಗಿಲ ಕಡೆ ಹೋದಾಗ ನನ್ನ ಹತ್ತಿರ ಬಂದು ಹೇಳಿದ: "ಅಕ್ಕ, ಇದ್ರಲ್ಲಿ ರಿಪೇರಿ ಮಾಡಾದು ಏನೂ ಇಲ್ಲ. ಭಾವನ ಕಿವಿ ತೋರ್ಸು."

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ. "ನಿಮಗೆ ಗೊತ್ತಿತ್ತಾ?"

"ಸ್ವಲ್ಪ ಮಂದ ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರ್ಲಿಲ್ಲ."

ಪ್ರೆಸ್ ಇರುವುದು ಇವರ ಎಡಕ್ಕೆ. ಇಪ್ಪತ್ತು ವರ್ಷದಿಂದ. ಕಿವಿಗೆ ಹಾಕಿಕೊಳ್ಳಲು ಪ್ಲಗ್ ಕೊಡುತ್ತಾರಂತೆ, ಇವರು ಹಾಕಿಕೊಳ್ಳುವುದಿಲ್ಲವಂತೆ. "ತಗಡು ಸರಿಯಾಗಿ ಕೂತ್ಕೊಂತೋ ಇಲ್ವೋ ಅನ್ನೋದು ಸದ್ದಲ್ಲೇ ಗೊತ್ತಾಗೋದು. ಕಿವಿ ಮುಚ್ಕೊಂಡು ಹೆಂಗೆ ಕೆಲ್ಸ ಮಾಡ್ಲಿ?"

ಹಾಗಾದರೆ ವರ್ಷ ವರ್ಷ ಮೆಡಿಕಲ್ ಕ್ಯಾಂಪಿನಲ್ಲಿ ಕಿವಿ ನೋಡುವುದಿಲ್ಲವೇ? ನೋಡುತ್ತಾರೆ. ಕಿವಿಗೆ ಹೆಡ್‌ಫೋನ್ ಹಾಕಿ, ಬೀಪ್ ಕೇಳಿಸಿದಾಗ ಕೈ ಎತ್ತಿ ಎನ್ನುತ್ತಾರೆ. ಬೀಪ್ ಬಂದಾಗಲೆಲ್ಲ ಹೊತ್ತಿಕೊಳ್ಳುವ ಮಷೀನಿನ ದೀಪ ಎದುರು ಬೆಂಚಿನಲ್ಲಿ ಕೂತವನಿಗೆ ಕಾಣುತ್ತದೆ. ಅವನು ಕಣ್ಣು ಮಿಟುಕಿಸುತ್ತಾನೆ, ಇವರು ಕೈ ಎತ್ತುತ್ತಾರೆ. ಅವನ ಸರದಿ ಬಂದಾಗ ಇವರು ಮಿಟುಕಿಸುತ್ತಾರೆ. ಹಾಗೆ ಇಡೀ ಪ್ರೆಸ್ ಶಾಪು ಪ್ರತಿ ವರ್ಷ ಪಾಸು. (ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಮಕ್ಕಳನ್ನು ಹಿಡಿಯುವ ಮೇಡಂ ನಾನು!)

ಕರೆದರೆ ಓಗೊಡದ ಗಂಡಂದಿರ ಬಗ್ಗೆ ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ, ನೆನಪಿದೆಯೇ? ನಿಮ್ಮಲ್ಲಿ ಎಷ್ಟೋ ಜನ ಮೆಚ್ಚಿದ್ದಿರಿ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಅಡುಗೆಮನೆಯಿಂದ ಕೂಗಿ ಕೂಗಿ, ಇವರಿಗೆ ನಾನೆಂದರೆ ಅಸಡ್ಡೆ ಎಂದು ತೀರ್ಮಾನಿಸಿ, ಎಷ್ಟು ಸಂಜೆ ಮಾತು ಬಿಟ್ಟಿದ್ದೆನೋ.

ಕಿವಿ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಎಡಗಿವಿ ಇನ್ನು ಸರಿಹೋಗುವುದಿಲ್ಲ. ಬಲಗಿವಿ ಚೆನ್ನಾಗಿದೆ. ಅದೇ ಜಾಗದಲ್ಲಿ ಹೀಗೇ ಮುಂದುವರಿದರೆ ಅದೂ ಹೋಗುತ್ತದೆ. ಬೇರೆ ಕಡೆ ಕೆಲಸ ಕೊಡಿ ಎಂದು ಕಾರ್ಖಾನೆಗೆ ಲೆಟರ್ ಬರೆದುಕೊಟ್ಟರು.

"ಪ್ಯಾಕಿಂಗ್‌ಗೆ ಹಾಕ್ತಾರೆ" ಎಂದರು ಇವರು, ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ. "ನಾನು ಕೆಲ್ಸ ಕಲ್ಸಿದ್ ಹುಡುಗ್ರು ಪ್ರೆಸ್ ಓಡಿಸ್ತಾರೆ, ನಾನು ಡಬ್ಬಕ್ಕೆ ಟೇಪ್ ಅಂಟಿಸ್ಕೊಂಡು ಕೂತ್ಕೋಬೇಕು."

ಮಡಿಸಿದ ಲೆಟರ್ ಶರ್ಟಿನ ಜೇಬಿಗೆ ಹೋಯಿತು. ಅದಾಗಿ ಹತ್ತು ದಿನ. ನಿನ್ನೆ ಬಟ್ಟೆ ನೆನೆಹಾಕುವಾಗ ಅದೇ ಜೇಬಿನಲ್ಲಿ ಕಾಗದ ಕೈಗೆ ಸಿಕ್ಕಿತು. ಇವರು ಸೋಫಾದಲ್ಲಿ ಕೂತು ಗೇಮ್ ಆಡುತ್ತಿದ್ದರು, ಹೆಡ್‌ಫೋನ್ ಇಲ್ಲದೆ, ಸದ್ದು ಪೂರ್ತಿ ಆಫ್ ಮಾಡಿಕೊಂಡು. ಪಕ್ಕಕ್ಕೆ ಹೋಗಿ ನಿಂತು, "ರೀ, ಲೆಟರ್ ಯಾವಾಗ ಕೊಡ್ತೀರಾ?" ಎಂದು ಕೇಳಿದೆ.

ಇವರು ತಲೆ ಎತ್ತಲಿಲ್ಲ, ಓ ಎನ್ನಲಿಲ್ಲ.

ನಾನು ನಿಂತಿದ್ದದ್ದು ಬಲಗಡೆ.