ಕಾರ್ಗಿಲ್ ವರ್ಷದ ಮಿಲಿಟ್ರಿ ಅಕ್ಕ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಮೊನ್ನೆ ಇಬ್ಬರು ಕೆಲಸದವರು ಏಣಿ ಹಾಕಿ ಒಂದು ಮೊಬೈಲ್ ಅಂಗಡಿಯ ಫ್ಲೆಕ್ಸ್ ಬೋರ್ಡು ಇಳಿಸುತ್ತಿದ್ದರು. ಅದರ ಹಿಂದಿನಿಂದ ಹಳದಿ ಬಣ್ಣದ ತಗಡೊಂದು ಕಾಣಿಸಿತು. ಬಣ್ಣ ಚಕ್ಕೆಚಕ್ಕೆಯಾಗಿ ಎದ್ದುಹೋಗಿತ್ತು. ಆದರೂ ‘ಎಸ್‌ಟಿಡಿ, ಐಎಸ್‌ಡಿ’ ಎಂದು ಓದಬಹುದಿತ್ತು. ಆ ಅಕ್ಷರಗಳನ್ನು ಬರೆಸಿದ್ದು ನನ್ನ ಸೋದರಮಾವ. ಆ ಬೋರ್ಡಿನ ಕೆಳಗೆ ಎರಡು ವರ್ಷ ಕುಳಿತು ಫೋನ್ ಕಾಯ್ದವಳು ನಾನು. ಚಾಮರಾಜನಗರದ ಬಸ್ಸು ಬಂದು ನಿಂತು ಹೊರಟೂ ಹೋಯಿತು. ನಾನು ತಗಡು ನೋಡುತ್ತ ನಿಂತೇ ಇದ್ದೆ. ನೆನಪಾಗಿದ್ದು ಮಾವನಲ್ಲ, ಮಿಲಿಟ್ರಿ ಅಕ್ಕ…

ನನಗಾಗ ಇಪ್ಪತ್ತು ವರ್ಷ. ಪಿಯುಸಿ ಮುಗಿಸಿ ಮನೆಯಲ್ಲಿದ್ದವಳನ್ನು ಮಾವ ಬೂತಿನಲ್ಲಿ ಕೂರಿಸಿದ್ದರು. ಒಂದು ಗಾಜಿನ ಕ್ಯಾಬಿನ್ನು, ಎರಡು ಫೋನು, ಗೋಡೆಯ ಮೇಲಿನ ಹಲಗೆಯಲ್ಲಿ ಬಣ್ಣದ ಟಿವಿ. ಪಕ್ಕದ ಮಳಿಗೆಯ ಜಗುಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅಕ್ಕ ರವಿಕೆ ಹೊಲಿಯುತ್ತಿದ್ದಳು. ಚಾಮರಾಜನಗರ ಕಡೆಯ ಉಡಿಗಾಲ ಎಂಬ ಊರಿನ ಹೆಣ್ಣು. ವಯಸ್ಸು ಮೂವತ್ತೆರಡೋ ಮೂವತ್ಮೂರೋ ಇರಬೇಕು. ಮಕ್ಕಳಿರಲಿಲ್ಲ. ಗಂಡ ಮಿಲಿಟರಿಯಲ್ಲಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಅವರನ್ನು ನೋಡಿದವರು ಮಾತ್ರ ನಮ್ಮ ರಸ್ತೆಯಲ್ಲಿ ಯಾರೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಬೂತಿಗೆ ಅವರ ಫೋನು ಬರುತ್ತಿತ್ತು. ಅಕ್ಕ ಎಂಟೂವರೆಗೇ ತಲೆಗೆ ಸ್ನಾನ ಮಾಡಿ, ಇಸ್ತ್ರಿ ಸೀರೆಯುಟ್ಟು, ಯಂತ್ರದ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಅವತ್ತು ಹೊಲಿಯುತ್ತಿರಲಿಲ್ಲ. ಹೊಲಿಯುವ ಸದ್ದಿನಲ್ಲಿ ಗಂಟೆ ಕೇಳಿಸದೇ ಹೋದೀತೆಂಬ ಭಯ.

ನನಗೆ ರವಿಕೆ ಅಳತೆ ತೆಗೆಯುವುದು ಕಲಿಸಿದವಳು ಅವಳೇ. ಮನೆಯಲ್ಲಿ ಬೈದರೆ ನಾನು ಅವಳ ಬಳಿ ಹೋಗಿ ಕೂರುತ್ತಿದ್ದೆ. ಅವಳು ಏನೂ ಕೇಳದೆ ತನ್ನ ಡಬ್ಬಿಯ ಅರ್ಧ ರೊಟ್ಟಿ ನನ್ನ ಕಡೆ ತಳ್ಳುತ್ತಿದ್ದಳು.

ಆ ಬೇಸಿಗೆಯಲ್ಲಿ ಕಾರ್ಗಿಲ್ ಶುರುವಾಯಿತು. ಪುಣಜನೂರಿನ ಚೆಕ್‌ಪೋಸ್ಟಿನಲ್ಲಿ ಕಾಡುಗಳ್ಳನಿಗಾಗಿ ಬಸ್ಸು ನಿಲ್ಲಿಸಿ ಹುಡುಕುತ್ತಿದ್ದ ಪೊಲೀಸರನ್ನು ಬಿಟ್ಟರೆ ನಮ್ಮ ಕಡೆಯವರು ಬಂದೂಕನ್ನು ಹತ್ತಿರದಿಂದ ನೋಡಿದವರಲ್ಲ. ಈಗ ಟಿವಿಯಲ್ಲಿ ದಿನವಿಡೀ ಬಂದೂಕು, ಹಿಮದ ಬೆಟ್ಟ, ಬಾವುಟ ಹೊದ್ದ ಪೆಟ್ಟಿಗೆಗಳು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕ್ರಿಕೆಟ್ಟಿನ ವಿಶ್ವಕಪ್ಪೂ ನಡೆಯುತ್ತಿತ್ತು. ನಮ್ಮಲ್ಲಿದ್ದದ್ದು ಒಂದೇ ಟಿವಿ. ಓವರು ಮುಗಿದರೆ ಯುದ್ಧ, ಯುದ್ಧದಲ್ಲಿ ಜಾಹೀರಾತು ಬಂದರೆ ಆಟ.

“ಎಷ್ಟ್ ಓದ್ವುಲಾ?” ಎಂದು ರಸ್ತೆಯಿಂದ ಯಾರಾದರೂ ಕೂಗಿದರೆ, “ಯಾವ್ದು, ವಿಕೆಟ್ಟಾ, ಜವಾನ್ರಾ?” ಎಂದು ಒಳಗಿನವರು ಕೇಳುತ್ತಿದ್ದರು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಕೇಳುತ್ತಿದ್ದರು. ಗಡಿಯಲ್ಲಿ ಗುಂಡು ಹಾರುತ್ತಿದ್ದ ಆ ದಿನಗಳಲ್ಲೇ ಇದೇ ಎರಡು ದೇಶಗಳು ಮೈದಾನದಲ್ಲೂ ಎದುರಾದವು. ಅವತ್ತು ಬೂತಿನ ಮುಂದೆ ಬಸ್ಸು ಹೋಗಲು ಜಾಗವಿರಲಿಲ್ಲ. ಕೇರಳದಿಂದ ತರಕಾರಿಗೆ ಬಂದಿದ್ದ ಲಾರಿ ಡ್ರೈವರುಗಳೂ ಇಳಿದು ನಿಂತಿದ್ದರು. ನಾವು ಗೆದ್ದೆವು, ಯುದ್ಧವನ್ನೇ ಗೆದ್ದಂತೆ ಪಟಾಕಿ ಹೊಡೆದರು.

ಸೆಲೂನಿನವನು ಸಿನಿಮಾ ನಟರ ಚಿತ್ರ ಕಿತ್ತು ಪೇಪರಿನಲ್ಲಿ ಬಂದ ಸೈನಿಕರ ಫೋಟೋ ಅಂಟಿಸಿದ. ಕ್ಯಾಸೆಟ್ ಅಂಗಡಿಯಲ್ಲಿ ಪ್ರೇಮಗೀತೆ ನಿಂತು ದೇಶಭಕ್ತಿಗೀತೆ ಶುರುವಾಯಿತು. ಎಲ್ಲರಿಗೂ ಆ ಯುದ್ಧದೊಂದಿಗೆ ಏನಾದರೂ ಸಂಬಂಧ ಬೇಕಾಗಿತ್ತು. ನಮ್ಮ ರಸ್ತೆಗೆ ಅಕ್ಕ ಸಿಕ್ಕಿದಳು.

ಹೇಗೆ ಶುರುವಾಯಿತೆಂಬುದು ಚೆನ್ನಾಗಿ ನೆನಪಿದೆ. ಟಿವಿ ನೋಡುತ್ತಿದ್ದ ಒಬ್ಬ ನಿವೃತ್ತ ಮೇಷ್ಟರು ತಿರುಗಿ, “ಏನಮ್ಮ, ನಿಮ್ಮೆಜಮಾನ್ರೂ ಅಲ್ಲೇ ಇದಾರಾ?” ಎಂದು ಕೇಳಿದರು. ಅಕ್ಕ ಬಾಯಲ್ಲಿದ್ದ ದಾರ ಕಚ್ಚಿ ತುಂಡು ಮಾಡಿ, ತಲೆಯಾಡಿಸಿದಳು. ಅಷ್ಟೇ. ಮರುದಿನದಿಂದ ಅವಳಿಗೆ ಟಿವಿಯ ಮುಂದೆ ಕುರ್ಚಿ ಬಿಟ್ಟುಕೊಟ್ಟರು. ಹೂವಿನವಳು ಕಾಸು ತೆಗೆದುಕೊಳ್ಳದೆ ಮೊಳ ಹೂ ಕೊಟ್ಟಳು. ಯಾರು ಮೊದಲು ಕರೆದರೋ ಗೊತ್ತಿಲ್ಲ, ಅವಳು ಎಲ್ಲರಿಗೂ ಮಿಲಿಟ್ರಿ ಅಕ್ಕನಾದಳು.

ಆಮೇಲೆ ಎರಡು ಭಾನುವಾರ ಫೋನು ಬರಲಿಲ್ಲ. ಮೊದಲನೆಯ ಸಲ ಅಕ್ಕ ಹನ್ನೆರಡರವರೆಗೆ ಕಾದಳು. ಎರಡನೆಯ ಸಲ ಕ್ಯಾಬಿನ್ನಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಗಾಜಿನಾಚೆ ಅವಳ ಭುಜ ಅಲುಗುವುದಷ್ಟೇ ಕಾಣುತ್ತಿತ್ತು. ಆ ಅಳು ನಾಟಕವಲ್ಲ… ಅಷ್ಟನ್ನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ.

ನಾನು ಹರಕೆ ಹೊತ್ತೆ. ಅಕ್ಕನ ಗಂಡ ಕ್ಷೇಮವಾಗಿದ್ದರೆ ಗೋಪಾಲಸ್ವಾಮಿ ಬೆಟ್ಟವನ್ನು ಬರಿಗಾಲಲ್ಲಿ ಹತ್ತುತ್ತೇನೆ ಎಂದು. ಮುಂದಿನ ಭಾನುವಾರ ಫೋನು ಬಂತು. ನಾನು ಕುಣಿದಾಡಿಬಿಟ್ಟೆ. “ಬೆಟ್ಟಕ್ಕೆ ಹೋಗನ ಅಕ್ಕ” ಎಂದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. “ಕಾಲು ಸುಡ್ತದೆ ಕಣಮ್ಮಿ” ಎಂದಳು. “ಸುಡ್ಲಿ” ಎಂದೆ.

ಬೆಟ್ಟದ ಬುಡದವರೆಗೆ ಯಾರದೋ ಜೀಪು ಸಿಕ್ಕಿತು. ಅಲ್ಲಿಂದ ನಡಿಗೆ. ಜಲ್ಲಿ ಎದ್ದ ರಸ್ತೆ, ಮಧ್ಯೆ ಮಧ್ಯೆ ಆನೆ ಲದ್ದಿ. ಅರ್ಧ ದಾರಿಗೇ ಅಂಗಾಲಿನಲ್ಲಿ ಬೊಬ್ಬೆ ಎದ್ದವು. ಅಕ್ಕ ಚಪ್ಪಲಿ ಹಾಕಿಕೊಂಡು ಪಕ್ಕದಲ್ಲೇ ಬರುತ್ತಿದ್ದಳು. ಒಂದು ತಿರುವಿನಲ್ಲಿ ನಿಂತು ತನ್ನ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ನಾನದನ್ನು ಭಕ್ತಿ ಎಂದುಕೊಂಡೆ. ಮೇಲೆ ಮಂಜು ಮುಸುಕಿ ಗುಡಿಯ ಬಾಗಿಲೂ ಸರಿಯಾಗಿ ಕಾಣುತ್ತಿರಲಿಲ್ಲ. ತೀರ್ಥ ತೆಗೆದುಕೊಂಡು ಹೊರಗೆ ಕೂತಾಗ ಅವಳು ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಮಣ್ಣು ಒರೆಸಿದಳು. ಒಂದು ಬೊಬ್ಬೆ ಒಡೆದು ಕೀವಾಗಿ, ನಾನು ಹತ್ತು ದಿನ ಕುಂಟಿದೆ.

ಜುಲೈನಲ್ಲಿ ಮಹಿಳಾ ಸಂಘದವರು ಶಾಲೆಯ ಮೈದಾನದಲ್ಲಿ ಅವಳಿಗೆ ಸನ್ಮಾನ ಮಾಡಿದರು. ಶಾಲು, ಚೆಂಡುಹೂವಿನ ಹಾರ, ಹಣ್ಣಿನ ತಟ್ಟೆ. ಮಕ್ಕಳು ಮೀಸೆ ಬರೆದುಕೊಂಡು ಸೈನಿಕರ ವೇಷ ಹಾಕಿದ್ದರು. ಮೈಕು ಕೊಟ್ಟಾಗ ಅಕ್ಕ ಸುಮ್ಮನೆ ಕೈಮುಗಿದು ಕೂತುಬಿಡಬಹುದಿತ್ತು. ಕೂರಲಿಲ್ಲ.

“ಅವ್ರು ಅಲ್ಲಿ ನಿದ್ದೆಗೆಟ್ಟು ಕಾಯ್ತಾವ್ರೆ. ನಾವಿಲ್ಲಿ ನಿದ್ದೆ ಮಾಡ್ತೀವಲ್ಲ, ಅದು ಅವ್ರು ಕೊಟ್ಟಿದ್ದು” ಎಂದಳು.

ಮೈದಾನವೆಲ್ಲ ಎದ್ದು ನಿಂತಿತು. ನಾನು ಕುಂಟುಗಾಲಲ್ಲೇ ನಿಂತು ಅತ್ತೆ.

ಅದಾದ ಮೇಲಿನ ಭಾನುವಾರ ಅವಳು ಹತ್ತು ನಿಮಿಷ ತಡವಾಗಿ ಬಂದಳು. ಫೋನು ನಾನೇ ಎತ್ತಿದೆ. ಯಾವಾಗಲೂ ಗಂಟೆಯಾದರೆ ಅವಳೇ ಓಡಿ ಬಂದು ಎತ್ತುತ್ತಿದ್ದಳು. ಅದುವರೆಗೆ ನಾನು ಆ ಮನುಷ್ಯನ ದನಿ ಕೇಳಿರಲಿಲ್ಲ.

“ಟೈಲರಮ್ಮನ್ನ ಕರೀರಿ” ಎಂದಿತು ದನಿ.

“ಬರ್ತಾರೆ, ಇರಿ ಅಣ್ಣ. ಅಲ್ಲಿ ಹೆಂಗಿದೆ?” ಎಂದು ಕೇಳಿದೆ. ಅವರ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು. “ಈರೋಡ್, ಈರೋಡ್, ಏರು, ಏರು…” ನಡುವೆ ಬಸ್ಸಿನ ಹಾರನ್ನು.

ನನ್ನ ಚಿಕ್ಕಮ್ಮನ ಮನೆ ಪುಣಜನೂರು. ಹಬ್ಬ ಬಂದರೆ ಘಾಟಿ ಇಳಿದು ಅವರೊಂದಿಗೆ ತಮಿಳುನಾಡಿನ ಸತ್ಯಮಂಗಲಕ್ಕೆ ಬಟ್ಟೆ ತರಲು ಹೋಗುತ್ತಿದ್ದೆ. ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಕೂಗುವ ರಾಗ ನನಗೆ ಚೆನ್ನಾಗಿ ಗೊತ್ತು. ಹಿಮದ ಬೆಟ್ಟದಲ್ಲಿ ಯಾರೂ ಈರೋಡಿಗೆ ಜನ ಕರೆಯುವುದಿಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ಫೋನು ಕೊಟ್ಟೆ. ಕ್ಯಾಬಿನ್ನಿನಿಂದ ಹೊರಬಂದವಳು ನನ್ನ ಮುಖ ನೋಡಿದ ಕೂಡಲೇ ನಿಂತಳು.

“ಅವರು ಎಲ್ಲಿಂದ ಮಾತಾಡ್ತಿದ್ರು ಅಕ್ಕ?”

ಅವಳು ಬಾಗಿಲ ಕಡೆ ನೋಡಿ, ಸ್ಟೂಲಿನ ಮೇಲೆ ಕೂತಳು. “ಕೇಳುಸ್ಕಬುಟ್ಯಾ?” ಎಂದಳು. “ಅವ್ರು ಮಿಲಿಟ್ರಿ ಬುಟ್ಟು ಎರಡು ವರ್ಸ ಆಯ್ತು ಕಣಮ್ಮಿ. ಸತ್ಯಮಂಗಲದಲ್ಲಿ ಮಿಲ್ಲು ಕಾಯ್ತಾವ್ರೆ. ಅಲ್ಲೊಬ್ಳು ಅವ್ಳೆ. ಭಾನ್ವಾರ ಅವ್ಳು ಸಂತೆಗೆ ಓಯ್ತಾಳೆ, ಆಗ ನಂಗೆ ಫೋನು.”

“ಮತ್ತೆ ಎಲ್ರಿಗೂ…”

“ಗಂಡ ಮಿಲಿಟ್ರೀಲವ್ನೆ ಅಂದ್ರೆ ಒಂದ್ ಮರ್ಯಾದೆ. ಬುಟ್ಟೋದ ಅಂದ್ರೆ ಬಾಡಿಗೆ ಮನೆನೂ ಕೊಡಕಿಲ್ಲ. ಅದಕ್ಕೆ ಏಳ್ಕಂಡು ಬಂದೆ. ಈ ಯುದ್ಧ ಬತ್ತದೆ ಅಂತ ನಂಗೇನು ಗೊತ್ತಿತ್ತು?”

ನನಗೆ ಅದೆಲ್ಲ ಸರಿಯಾಗಿ ಕೇಳಿಸಲೇ ಇಲ್ಲ. ನನ್ನ ಕಾಲು ಉರಿಯುತ್ತಿತ್ತು. “ನಾನು ಬೆಟ್ಟ ಹತ್ತಿದ್ನಲ್ಲ” ಎಂದೆ. “ಪಕ್ಕದಲ್ಲೇ ಇದ್ಯಲ್ಲ ನೀನು. ಒಂದ್ ಮಾತು ಬ್ಯಾಡ ಅನ್ನಕ್ಕಾಗ್ಲಿಲ್ವಾ?”

ಅವಳು ತಲೆ ತಗ್ಗಿಸಿದಳು. “ನಂಗೋಸ್ಕರ ಇನ್ನೊಬ್ರು ಅಷ್ಟು ಮಾಡಿದ್ದು ಅದೇ ಮೊದ್ಲು. ಬ್ಯಾಡ ಅನ್ನಕ್ಕೆ ಮನ್ಸು ಬರ್ನಿಲ್ಲ” ಎಂದಳು. ಎದ್ದು ಹೋಗುವಾಗ ನನ್ನ ಕೈ ಹಿಡಿದು, “ಯಾರ್ಗೂ ಏಳ್ಬ್ಯಾಡ” ಎಂದಳು. ನಾನು ಹ್ಞೂ ಎನ್ನಲಿಲ್ಲ, ಉಹ್ಞೂ ಎಂದೂ ಅನ್ನಲಿಲ್ಲ.

ಅವತ್ತೇ ಸಂಜೆ ಮಾವನಿಗೆ ಹೇಳಿದೆ. ಊರಿಗೆ ಸತ್ಯ ತಿಳಿಯಲಿ ಎಂದಲ್ಲ. ನನಗೆ ನೋವಾಗಿತ್ತು, ಅವಳಿಗೂ ಆಗಲಿ ಎಂದು. ಬೇರೆ ಕಾರಣ ಕಟ್ಟಿ ಹೇಳಿ ಈ ವಯಸ್ಸಿನಲ್ಲಿ ಏನಾಗಬೇಕಿದೆ.

ಮಾವ ಯಾರಿಗೆ ಹೇಳಿದರೋ, ಎರಡು ದಿನದಲ್ಲಿ ರಸ್ತೆಗೆಲ್ಲ ತಿಳಿಯಿತು. ಯಾರೂ ಜಗಳವಾಡಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ಕತ್ತರಿ ಬೀಳದ ರವಿಕೆ ಕಣಗಳನ್ನು ವಾಪಸು ತೆಗೆದುಕೊಂಡು ಹೋದರು. “ಅಳತೆ ತಗೋಬೇಕಿತ್ತಲ್ಲ” ಎಂದು ಅಕ್ಕ ಮೊದಲಿಬ್ಬರಿಗೆ ಹೇಳಿದಳು, ಆಮೇಲೆ ಏನೂ ಹೇಳದೆ ಮಡಿಸಿ ಕೊಟ್ಟಳು. ಮಹಿಳಾ ಸಂಘದಿಂದ ಒಬ್ಬಾಕೆ ಬಂದು ಜಗುಲಿಯ ಕೆಳಗೇ ನಿಂತು, “ಆ ಶಾಲು ಕೊಡಿ” ಎಂದಳು. ಅಕ್ಕ ಮನೆಗೆ ಹೋಗಿ ತಂದುಕೊಟ್ಟಳು. ಇವೆಲ್ಲವನ್ನೂ ನಾನು ಬೂತಿನೊಳಗೆ ಕುಳಿತು ನೋಡುತ್ತಿದ್ದೆ.

ಯುದ್ಧ ಮುಗಿಯಿತು, ನಾವು ಗೆದ್ದೆವು ಎಂದು ಟಿವಿ ಹೇಳಿದ ದಿನ ಅಂಗಡಿಯಿಂದ ಅಂಗಡಿಗೆ ಮೈಸೂರುಪಾಕು ಹಂಚಿದರು. ತಟ್ಟೆ ಹಿಡಿದವನು ಅವಳ ಜಗುಲಿ ದಾಟಿ ನಮ್ಮಲ್ಲಿಗೆ ಬಂದ. ನಾನು ತೆಗೆದುಕೊಂಡೆ, ತಿಂದೆ ಕೂಡ.

ಅದೇ ವಾರ ಅವಳು ಮನೆ ಖಾಲಿ ಮಾಡಿದಳು. ಹೊಲಿಗೆ ಯಂತ್ರವನ್ನು ಬಸ್ಸಿನ ಮೇಲೆ ಹಾಕಿಸಿ, ಬಸ್ಸು ಹೊರಡುವ ಮೊದಲು ಬೂತಿನ ಬಾಗಿಲಿಗೆ ಬಂದಳು.

“ಯಾರ್ ಏಳಿದ್ರೂ ನೀನು ಏಳಕಿಲ್ಲ ಅನ್ಕಂಡಿದ್ದೆ ಕಣಮ್ಮಿ” ಎಂದಳು.

“ಯಾರು ಮೋಸ ಮಾಡಿದ್ರೂ ನೀನು ಮಾಡಲ್ಲ ಅಂತ ನಾನೂ ಅನ್ಕಂಡಿದ್ದೆ” ಎಂದೆ.

ಅವಳು ಆ ಮಾತನ್ನು ಒಪ್ಪಿಕೊಂಡವಳಂತೆ ತಲೆಯಾಡಿಸಿ ಹೋದಳು.

ಆಗಸ್ಟಿನಲ್ಲಿ ಸೂರ್ಯಗ್ರಹಣ ಬಂತು. ಪ್ರಪಂಚ ಮುಳುಗುತ್ತದೆಂದು ಯಾರೋ ಹೇಳಿದ್ದರು, ಅದು ಪೇಪರಿನಲ್ಲೂ ಬಂದಿತ್ತು. ಮುಳುಗದೇ ಹೋದರೆ ವರ್ಷದ ಕೊನೆಗೆ ಕಂಪ್ಯೂಟರುಗಳೆಲ್ಲ ಕೆಟ್ಟು ವಿಮಾನಗಳು ಬೀಳುತ್ತವೆ ಎಂದು ಇನ್ನೊಂದು ಸುದ್ದಿ. ಗ್ರಹಣದ ಸಂಜೆ ಅಂಗಡಿಗಳೆಲ್ಲ ಮುಚ್ಚಿದ್ದವು. ಮಾವ ಬೂತು ಮಾತ್ರ ಮುಚ್ಚಬೇಡ ಎಂದಿದ್ದರು. ಫೋನು ಬಡಿದುಕೊಂಡಿತು. ಅದೇ ದನಿ.

“ಟೈಲರಮ್ಮನ್ನ ಕರೀರಿ.”

“ಅವರು ಊರು ಬಿಟ್ಟರು.”

“ಎಲ್ಲಿಗೆ?”

“ನಿಮಗೆ ಗೊತ್ತಿಲ್ವಾ?” ಎಂದೆ. ಆ ಕಡೆ ಫೋನು ಇಟ್ಟ ಸದ್ದು.

ಆಮೇಲೆ ನನಗೆ ಚಾಮರಾಜನಗರದ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮದುವೆಯಾಯಿತು. ಉಡಿಗಾಲದ ಕಡೆಯವರು ಯಾರೇ ಕೌಂಟರಿಗೆ ಬಂದರೂ ಕೇಳಬೇಕೆನಿಸುತ್ತಿತ್ತು, ಕೇಳುತ್ತಿರಲಿಲ್ಲ. ಕೊನೆಗೊಮ್ಮೆ ಕೇಳಿದೆ. ಕೊರೊನಾ ಕಾಲದಲ್ಲಿ ಅಣ್ಣನ ಮನೆಯಲ್ಲಿ ತೀರಿಕೊಂಡಳಂತೆ. ಕೊನೆಯವರೆಗೂ ಹೊಲಿಯುತ್ತಿದ್ದಳಂತೆ. ಗಂಡ ಬಂದಿದ್ದರೇ ಎಂದೆ. “ಅವ್ಳಿಗೆ ಗಂಡ ಇದ್ನಾ?” ಎಂದು ಆ ಮನುಷ್ಯ ನನ್ನನ್ನೇ ಕೇಳಿದ.

ಈಚೆಗೆ ಗಡಿಯಲ್ಲಿ ಮತ್ತೆ ಗುಂಡಿನ ಸದ್ದು ಎದ್ದಾಗ, ಎಲ್ಲರ ಮೊಬೈಲಿನಲ್ಲೂ ಅದೇ ವೀಡಿಯೊ ಓಡುತ್ತಿದ್ದಾಗ, ನನ್ನ ಪಕ್ಕದ ಮೇಜಿನವಳು ಕಚೇರಿಯಲ್ಲಿ ಕುಸಿದು ಕುಳಿತಳು. ಮಗ ಸೈನ್ಯದಲ್ಲಿದ್ದಾನೆ, ನಾಲ್ಕು ದಿನದಿಂದ ಸುದ್ದಿಯಿಲ್ಲ. ಎಲ್ಲರೂ ಕೆಲಸ ಬಿಟ್ಟು ಅವಳ ಸುತ್ತ ನಿಂತರು. ಒಬ್ಬಳು ನೀರು ಕುಡಿಸಿದಳು, ಇನ್ನೊಬ್ಬಳು ಬೆನ್ನು ಸವರಿದಳು. ನಾನೂ ಎದ್ದೆ, ಆದರೆ ಹತ್ತಿರ ಹೋಗಲಿಲ್ಲ. ಫೈಲಿನ ಬೀರುವಿಗೆ ಒರಗಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದೆ. ಇದು ನಿಜವೋ ಸುಳ್ಳೋ ಎಂದು ಅಳೆಯುತ್ತಿದ್ದೆ. ಹನ್ನೆರಡು ವರ್ಷದಿಂದ ಒಂದೇ ಡಬ್ಬಿಯಲ್ಲಿ ಉಂಡವಳನ್ನು…

ಅವಳು ಹೇಳಿದ್ದು ನಿಜವಾಗಿತ್ತು. ಎರಡು ದಿನದ ಮೇಲೆ ಮಗ ಫೋನು ಮಾಡಿದ. ಅವಳು ನಗುತ್ತ ನನ್ನ ಬಳಿ ಬಂದು, “ನೀವೊಬ್ರು ಏನೂ ಮಾತಾಡ್ಲೇ ಇಲ್ವಲ್ಲ ಅವತ್ತು” ಎಂದಳು. ನಾನು ಡಬ್ಬಿ ತೆಗೆದು ಅರ್ಧ ರೊಟ್ಟಿ ಅವಳ ಕಡೆ ತಳ್ಳಿದೆ.